ಕ್ಯಾನ್ ಅಂದ್ರಾ, ಕಾಂಟ್ ಅಂದ್ರಾ?

ನಾವು ಇಂಗ್ಲಿಷ್ ಮೇಷ್ಟ್ರಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕಿನ ಕೌಂಟರಿನಲ್ಲಿ ಕೂತವರು. ನಿಮ್ಮ ಹಾಗೆ ಕನ್ನಡ ಶಾಲೆಯಲ್ಲೇ ಓದಿದವರು. ಇಂಗ್ಲಿಷನ್ನ ಕಣ್ಣಿಂದ ಕಲಿತ್ವಿ, ಕಿವಿಯಿಂದ ಕಲೀಲಿಲ್ಲ. ಪುಸ್ತಕದಲ್ಲಿ 'ಐ ಡು ನಾಟ್', 'ಇಟ್ ಈಸ್' ಅಂತಿತ್ತು. ಕೆಲಸಕ್ಕೆ ಸೇರಿದ ಮೇಲೆ ಕೇಳಿದ್ದು 'ಡೋಂಟ್', 'ಇಟ್ಸ್'.

ಒಂದು ಸಲ ಒಬ್ಬ ಅಜ್ಜನ ಖಾತೆ ಕೆವೈಸಿ ಬಾಕಿ ಅಂತ ನಿಂತುಹೋಗಿತ್ತು. ಬಿಡಿಸಬೇಕಾದ್ದು ಮೇಲಿನ ಆಫೀಸು. ಫೋನ್ ಮಾಡಿದ್ವಿ. ಆ ಕಡೆಯವರು ಅಮೆರಿಕದ ಧಾಟಿಯಲ್ಲಿ ಏನೋ ಅಂದ್ರು, ನಮಗೆ ಕೇಳಿಸಿದ್ದು 'ಕ್ಯಾನ್'. ನಾಳೆ ಬನ್ನಿ ಅಜ್ಜ, ದುಡ್ಡು ಸಿಗುತ್ತೆ ಅಂದ್ವಿ. ಅಜ್ಜ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದು ಕೂತಿದ್ದರು. ದುಡ್ಡು ಬರಲಿಲ್ಲ. ಅವರು ಹೇಳಿದ್ದು 'ಕಾಂಟ್'! ಅಜ್ಜ ಬೈಲಿಲ್ಲ, ಚೀಲ ತಗೊಂಡು ಹೊರಟ್ರು. ಬೈದಿದ್ರೇ ಚೆನ್ನಾಗಿತ್ತು.

ಆಮೇಲೆ ಕೂತು ಕಲಿತದ್ದು ಇದು. ಇಂಗ್ಲೆಂಡಿನ ಧಾಟಿಯಲ್ಲಿ 'ಕಾಂಟ್' ದೀರ್ಘ, ಗೊತ್ತಾಗುತ್ತೆ. ಅಮೆರಿಕದವರು 'ಕ್ಯಾಂಟ್' ಅಂತಾರೆ, ಕೊನೆಯ 'ಟ್' ಎಷ್ಟೋ ಸಲ ನುಂಗ್ತಾರೆ. ಹಾಗಾಗಿ 'ಟ್' ಹುಡುಕಬೇಡಿ, ಒತ್ತು ಎಲ್ಲಿದೆ ಕೇಳಿ. ಆಗುತ್ತೆ ಅನ್ನುವಾಗ 'ಯೂ ಕನ್ ರಿಲೀಸ್ ಇಟ್': 'ಕನ್' ಹಗುರ, 'ರಿಲೀಸ್' ಮೇಲೆ ಭಾರ. ಆಗಲ್ಲ ಅನ್ನುವಾಗ 'ಕ್ಯಾನ್' ಮೇಲೂ ಭಾರ ಬೀಳುತ್ತೆ. ಅನುಮಾನ ಬಂದ್ರೆ ನಾಚಿಕೆ ಬಿಟ್ಟು 'ಕ್ಯಾನ್ ಆರ್ ಕ್ಯಾನಾಟ್?' ಅಂತ ಕೇಳಿ.

ಇದೇನು ಹೊಸದಲ್ಲ. ನಾವು ಬರೆಯೋದು 'ಬರುವುದಿಲ್ಲ'. ಮೈಸೂರಿನವರು 'ಬರಲ್ಲ', ಮಂಗಳೂರಿನವರು 'ಬರುದಿಲ್ಲ', ಉತ್ತರದ ಕಡೆ 'ಬರಂಗಿಲ್ಲ'. ಊಟಕ್ಕೆ ಕರೆದ ಅವ್ವನಿಗೆ 'ನಾನು ಊಟ ಮಾಡುವುದಿಲ್ಲ' ಅಂದು ನೋಡಿ, ಯಾಕೋ ಸಿಟ್ಟು ಅಂತಾಳೆ. ಮಾತಿನಲ್ಲಿ 'ಐ ಡು ನಾಟ್ ವಾಂಟ್' ಅಂತ ಬಿಡಿಸಿ ಹೇಳಿದ್ರೂ ಹಾಗೇ ಕೇಳಿಸುತ್ತೆ.

ಬರವಣಿಗೆಯಲ್ಲಿ ಅಕ್ಷರ ಬಿದ್ದ ಜಾಗಕ್ಕೆ ಮೇಲೊಂದು ಸಣ್ಣ ಕೊಂಡಿ ಹಾಕ್ತಾರೆ. ಕೊಂಡಿ ಇರೋ 'ಇಟ್ಸ್' ಅಂದ್ರೆ 'ಇಟ್ ಈಸ್', ಇಲ್ಲದ್ದು 'ಅದರ'. ಪರೀಕ್ಷೆಯಲ್ಲಿ ತಪ್ಪು ಹುಡುಕೋ ಪ್ರಶ್ನೆಗೆ ಇದು ಒಳ್ಳೇ ಸರಕು. 'ವಿಲ್ ನಾಟ್' ಮಾತ್ರ 'ವೋಂಟ್' ಆಗುತ್ತೆ, ಹಳೇ 'ವೋಲ್' ರೂಪ ಅದರಲ್ಲಿ ಉಳಿದಿದೆ. 'ಐಡ್ ಪೇಯ್ಡ್' ಅಂದ್ರೆ ಆಗಲೇ ಕಟ್ಟಿದ್ದೆ. 'ಐಡ್ ಪೇ' ಅಂದ್ರೆ ಕಟ್ಟುತ್ತಿದ್ದೆ, ಇನ್ನೂ ಕಟ್ಟಿಲ್ಲ. ಸಾಲದ ಮಾತಿನಲ್ಲಿ ಇವೆರಡಕ್ಕೂ ಎಷ್ಟು ದೂರ ನೋಡಿ! 'ಆರ್ ಯೂ ರೆಡಿ?' ಅಂದ್ರೆ 'ಯೆಸ್, ಐ ಆಮ್' ಅನ್ನಿ. ವಾಕ್ಯದ ಕೊನೆಗೆ 'ಐಮ್' ನಿಲ್ಲಲ್ಲ, 'ಡೋಂಟ್' ನಿಲ್ಲುತ್ತೆ. ಅರ್ಜಿಯಲ್ಲಿ, ಆಫೀಸಿನ ಪತ್ರದಲ್ಲಿ ಪೂರ್ತಿ ರೂಪವೇ ಇರಲಿ.

ಸಾಕು, ಈಗ ಇಬ್ಬಿಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂರಿ. ಒಬ್ಬರು ಫೋನಿನಲ್ಲಿ ಹೇಳೋ ಹಾಗೆ 'ಕ್ಯಾನ್', 'ಕಾಂಟ್' ಹೇಳಿ, ಇನ್ನೊಬ್ಬರು ಬರ್ಕೊಳ್ಳಿ. ಹಿಂದಿನ ಬೆಂಚಿನಿಂದ ಶುರು ಮಾಡೋಣ.