ಸಂಘದ ಟ್ರಂಕಿನಲ್ಲಿರುವ ಕಾಗದ ಯಾರದು?



ಮಂಡ್ಯ, ಮದ್ದೂರು, ಮಳವಳ್ಳಿಯ ನಮ್ಮ ಸಂಘಗಳಲ್ಲಿ ಉಳಿತಾಯ, ಸಾಲ, ಮರುಪಾವತಿ ಎಲ್ಲಾ ಬರೀತೀವಿ. ಪಂಚಸೂತ್ರದ ಐದನೆಯದೇ ಪುಸ್ತಕ ನಿರ್ವಹಣೆ ಅಲ್ಲವೇ? ಆದರೆ ಬರೆಯೋದು ಒಂದು, ಬರೆದದ್ದನ್ನು ಯಾರು ನೋಡಬಹುದು ಅನ್ನೋದು ಇನ್ನೊಂದು.

ನಡಾವಳಿ, ಸಾಲದ ಲೆಕ್ಕ ಎಲ್ಲ ಸದಸ್ಯರೂ ನೋಡಲಿ. ಮುಚ್ಚಿಟ್ಟರೆ ಸಂಘ ಒಡೆಯುತ್ತೆ. ಆಧಾರ್ ಜೆರಾಕ್ಸ್, ಪಾಸ್‌ಬುಕ್ ಪ್ರತಿ, ಫೋಟೋ ಹಾಗಲ್ಲ. ಅವು ಆ ಅಕ್ಕನವು. ಒಬ್ಬರ ಜೆರಾಕ್ಸ್ ಇಟ್ಟು ಇನ್ನೊಬ್ಬರು ಸಾಲ ಎತ್ತಿದರೆ, ವಸೂಲಿಯವರು ಬರೋದು ಕಾರ್ಡಿನಲ್ಲಿ ಹೆಸರಿರುವವರ ಮನೆ ಬಾಗಿಲಿಗೇ! ಆದ್ದರಿಂದ ಪ್ರತಿಯ ಮೇಲೆಯೇ ಯಾವ ಬ್ಯಾಂಕಿಗೆ, ಯಾವ ಕೆಲಸಕ್ಕೆ, ಯಾವ ತಾರೀಕು ಎಂದು ಬರೆದು ಸಹಿ ಹಾಕೋಣ. ಮೊದಲ 8 ಅಂಕಿ ಮುಚ್ಚಿ, ಕೊನೆಯ 4 ಮಾತ್ರ ಕಾಣುವ ಆಧಾರ್ ಪ್ರತಿಯೂ ಸಿಗುತ್ತದೆ. ಅದು ಸಾಕಾಗುವ ಕಡೆ ಅದನ್ನೇ ಕೊಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮಾತೂ ಇದೇ: ಒಪ್ಪಿಗೆ ಕೇಳಿ, ಹೇಳಿದ ಕೆಲಸಕ್ಕೆ ಬೇಕಾದಷ್ಟೇ ಮಾಹಿತಿ ಪಡೆಯಬೇಕು.

ಕೆಲವರು ಬಾಕಿದಾರರ ಪಟ್ಟಿಯನ್ನು ವಾಟ್ಸಾಪ್‌ಗೆ ಹಾಕುತ್ತಾರೆ. ನಮಗೆ ಇದು ಸರಿ ಕಾಣದು. ಬಾಕಿಯ ಮಾತು ಸಭೆಯಲ್ಲೇ ಆಗಲಿ, ಮನೆಮಂದಿಯೆಲ್ಲ ನೋಡೋ ಫೋನಿನಲ್ಲಿ ಬೇಡ.

ಮುಂದಿನ ಸಭೆಗೆ ಟ್ರಂಕು ತನ್ನಿ. ಸಾಲ ತೀರಿದವರ ಹಳೇ ಪ್ರತಿ ಇನ್ನು ಬೇಕಿಲ್ಲದಿದ್ದರೆ ಅವರ ಕೈಗೇ ಕೊಟ್ಟು, ನಡಾವಳಿಯಲ್ಲಿ ಸಹಿ ಪಡೆಯೋಣ. ಬೀಗದ ಕೀ ಯಾರ ಹತ್ರ ಅನ್ನೋದನ್ನೂ ಅಲ್ಲೇ ಬರೀರಿ.