ಅನ್ನವೂ ಮನಸ್ಸೂ

ಮೂರು ವರ್ಷಗಳ ಹಿಂದಿನ ಮಾತು. ನಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದ ವಿದ್ಯಾರ್ಥಿಯೊಬ್ಬನು ಬೆಳಗಿನ ಪಾಠದಲ್ಲಿ ದಿನವೂ ತೂಕಡಿಸುತ್ತಿದ್ದನು. ಮೊದಲ ವರ್ಷದಲ್ಲಿ ಬಹಳ ಚುರುಕಾಗಿದ್ದವನು. ಎರಡನೆಯ ವರ್ಷಕ್ಕೆ ಬರುವ ಹೊತ್ತಿಗೆ ಮುಖದ ಕಳೆ ಕುಂದಿ, ಯಾರೊಡನೆಯೂ ಮಾತಿಲ್ಲದವನಾಗಿದ್ದನು. ನಾವು ಅವನನ್ನು ಕೊಠಡಿಗೆ ಕರೆಯಿಸಿ ಕಾರಣವನ್ನು ಕೇಳಿದೆವು. “ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ ಸಾರ್. ಯಾವುದೂ ಬೇಡ ಅನ್ನಿಸುತ್ತದೆ” ಎಂದನು. ಅಧ್ಯಾಪಕರ ಬಳಿ ಇಂಥ ಮಾತಿಗೆ ಉತ್ತರ ಸದಾ ಸಿದ್ಧವಾಗಿರುತ್ತದೆ. ಇಚ್ಛಾಶಕ್ತಿಯನ್ನು ಕುರಿತು ಕಾಲು ಗಂಟೆ ಉಪದೇಶ ಮಾಡಿ, ಬೀದಿಯ ದೀಪದ ಕೆಳಗೆ ಓದಿ ಮೇಲೆ ಬಂದ ಮಹನೀಯರನ್ನು ನೆನಪಿಗೆ ತಂದುಕೊಟ್ಟು ಕಳುಹಿಸಿದೆವು. ಅವನು ಏನು ಉಣ್ಣುತ್ತಾನೆ, ಎಷ್ಟು ಹೊತ್ತಿಗೆ ಮಲಗುತ್ತಾನೆ ಎಂದು ಕೇಳಬೇಕೆಂಬುದು ನಮಗೆ ಹೊಳೆಯಲೇ ಇಲ್ಲ.

ಹೊಳೆಯಬೇಕಾಗಿತ್ತು. ಏಕೆಂದರೆ ಈ ಪ್ರಶ್ನೆಯನ್ನು ನಮ್ಮ ಹಿರಿಯರು ಬಹು ಹಿಂದೆಯೇ ಕೇಳಿದ್ದಾರೆ. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ಆರುಣಿ ಎಂಬ ತಂದೆ ಮಗನಾದ ಶ್ವೇತಕೇತುವಿಗೆ ಮನಸ್ಸು ಅನ್ನದಿಂದಾದುದೆಂದು ಹೇಳುತ್ತಾನೆ. ಹನ್ನೆರಡು ವರ್ಷ ವೇದವನ್ನೋದಿ ಬಂದಿದ್ದ ಮಗನಿಗೆ ಅದು ಸುಲಭವಾಗಿ ಒಪ್ಪಿಗೆಯಾಗುವ ಮಾತೆ? ತಂದೆ ವಾದಕ್ಕೆ ಇಳಿಯಲಿಲ್ಲ. “ಹದಿನೈದು ದಿನ ಊಟ ಮಾಡಬೇಡ, ನೀರನ್ನು ಮಾತ್ರ ಬೇಕಾದಷ್ಟು ಕುಡಿ” ಎಂದನು. ಅವಧಿ ಕಳೆದ ಮೇಲೆ ಮಗನನ್ನು ಕರೆದು ಕಲಿತುದನ್ನು ಹೇಳೆಂದರೆ, ಹುಡುಗನಿಗೆ ಒಂದೂ ತೋಚಲಿಲ್ಲ. ದೊಡ್ಡ ಬೆಂಕಿಯಲ್ಲಿ ಮಿಂಚುಹುಳುವಿನಷ್ಟು ಕೆಂಡ ಉಳಿದಂತೆ ನಿನ್ನಲ್ಲಿ ಈಗ ಒಂದು ಕಲೆ ಮಾತ್ರ ಉಳಿದಿದೆ, ಹೋಗಿ ಊಟ ಮಾಡು ಎಂದನು ತಂದೆ. ಉಂಡು ಬಂದ ಮೇಲೆ ಕೇಳಿದುದೆಲ್ಲ ನೆನಪಿಗೆ ಬಂದಿತು. ವಿದ್ಯೆ ಎಲ್ಲಿಯೂ ಹೋಗಿರಲಿಲ್ಲ. ಅದಕ್ಕೆ ಸೌದೆಯಿರಲಿಲ್ಲ, ಅಷ್ಟೆ.

ಇದು ಕಥೆ ಎನ್ನುವವರಿಗೆ ಹೊಸ ಕಾಲದ ಒಂದು ಪ್ರಯೋಗವನ್ನು ಹೇಳಬಹುದು. ಎರಡನೆಯ ಮಹಾಯುದ್ಧದ ಕೊನೆಯ ಭಾಗದಲ್ಲಿ, 1944–45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯು 36 ಮಂದಿ ಆರೋಗ್ಯವಂತ ತರುಣರಿಗೆ 24 ವಾರಗಳ ಕಾಲ ಅರೆಹೊಟ್ಟೆಯ ಊಟವನ್ನು ಕೊಟ್ಟು ನೋಡಿದನು. ಯುದ್ಧ ಮಾಡಲೊಲ್ಲದೆ ಬೇರೆ ವಿಧದ ಸೇವೆಗೆ ತಾವಾಗಿಯೇ ಒಪ್ಪಿಕೊಂಡಿದ್ದವರು ಅವರು. ಮನಸ್ಸು ದುರ್ಬಲವಾದವರೆಂದು ಯಾರೂ ಹೇಳುವಂತಿರಲಿಲ್ಲ. ಅವರ ದೇಹದ ತೂಕ ಕಾಲು ಭಾಗದಷ್ಟು ಇಳಿಯಿತು. ಅದು ನಿರೀಕ್ಷಿಸಿದ್ದೇ. ಆದರೆ ಅವರು ಸಿಡುಕರಾದರು, ಮಂಕಾದರು, ಗೆಳೆಯರ ಸಹವಾಸವನ್ನು ಬಿಟ್ಟರು. ಓದಿನಲ್ಲಿ ಮನಸ್ಸು ನಿಲ್ಲದಾಯಿತು. ಕೆಲವರು ಹೊತ್ತುಹೊತ್ತಿಗೂ ಪಾಕಶಾಸ್ತ್ರದ ಪುಸ್ತಕಗಳನ್ನು ಹಿಡಿದು ಕುಳಿತರು. ಬುದ್ಧಿಯನ್ನಳೆಯುವ ಪರೀಕ್ಷೆಗಳಲ್ಲಿ ಮಾತ್ರ ಅವರ ಅಂಕಗಳು ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಬುದ್ಧಿ ಅಲ್ಲಿಯೇ ಇತ್ತು, ಅದನ್ನು ಹೂಡುವ ಉತ್ಸಾಹವಿರಲಿಲ್ಲ. ಶ್ವೇತಕೇತು ಒಂದು ಊಟಕ್ಕೆ ಸರಿಹೋದನು; ಇವರು ಚೇತರಿಸಿಕೊಳ್ಳುವುದಕ್ಕೆ ಹೊಟ್ಟೆ ತುಂಬ ಊಟ ಸಿಕ್ಕಿದ ಮೇಲೂ ತಿಂಗಳುಗಳೇ ಹಿಡಿದುವು. ಉಪನಿಷತ್ತು ಈ ಒಂದು ವಿಷಯದಲ್ಲಿ ಸ್ವಲ್ಪ ಅವಸರ ಮಾಡಿದೆಯೆಂದು ಕಾಣುತ್ತದೆ.

ಮನಸ್ಸಿನ ವಿಷಯವನ್ನು ಬಾನುಲಿಯಲ್ಲಿ ಆಡುವುದು ಉಚಿತವೇ ಸರಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಆಕಾಶವಾಣಿಯನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು.

ಇನ್ನು ನಮ್ಮ ಹುಡುಗನ ಸಂಗತಿ. ಅವನನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋದವರು ನಾವಲ್ಲ, ಅವನ ಕೊಠಡಿಯ ಗೆಳೆಯ. ಬೆಳಿಗ್ಗೆ ಬರಿಯ ಕಾಫಿ, ಮಧ್ಯಾಹ್ನ ಮೆಸ್ಸಿನ ಅನ್ನ ಸಾರು, ಸಂಜೆ ಮತ್ತೆರಡು ಕಾಫಿ, ರಾತ್ರಿ ಒಂದು ಬನ್ನು, ಮಲಗುವುದು ಎರಡು ಗಂಟೆಗೆ. ಇದು ಅವನ ದಿನಚರಿ. ಮನೆಯಿಂದ ಬರುತ್ತಿದ್ದ ಹಣದಲ್ಲಿ ತಂಗಿಯ ಶುಲ್ಕಕ್ಕೆಂದು ಉಳಿಸುತ್ತಿದ್ದನಂತೆ. ರಕ್ತವನ್ನು ಪರೀಕ್ಷಿಸಿದಾಗ ಕಬ್ಬಿಣದ ಅಂಶವೂ ಬಿ-12 ಎಂಬ ಜೀವಸತ್ವವೂ ಬಹಳ ಕಡಮೆಯಾಗಿದ್ದುವು. ಈ ಎರಡನೆಯದನ್ನು ಕುರಿತು ಶಾಕಾಹಾರಿಗಳಾದ ನಾವು ತಿಳಿದಿರುವುದು ಒಳ್ಳೆಯದು. ಅದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ದೊರೆಯುತ್ತದೆಯೇ ಹೊರತು ಸೊಪ್ಪು ಕಾಳುಗಳನ್ನು ಎಷ್ಟು ತಿಂದರೂ ದೊರೆಯುವುದಿಲ್ಲ. ದೇಹವು ಅದನ್ನು ಯಕೃತ್ತಿನಲ್ಲಿ ಕೆಲವು ವರ್ಷಗಳಿಗಾಗುವಷ್ಟು ಕೂಡಿಟ್ಟಿರುತ್ತದೆ. ಆದುದರಿಂದ ಕೊರತೆಯು ಸದ್ದಿಲ್ಲದೆ ಬರುತ್ತದೆ. ಮರೆವು, ಮಂಕು, ಕೈಕಾಲು ಜುಮುಗುಟ್ಟುವುದು, ಕಾರಣವಿಲ್ಲದ ದುಗುಡ, ಇವು ಕಾಣಿಸಿಕೊಂಡಾಗ ಮನೆಯವರು ಮೊದಲು ಹೇಳುವ ಮಾತು “ಸೋಮಾರಿ” ಎಂಬುದು.

ಕಾಫಿಯ ಮಾತು ಬಂದಿತು. ಬಾಬಾಬುಡನ್ ಗಿರಿಯ ನಾಡಿನವರಾಗಿ ಕಾಫಿಯನ್ನು ನಿಂದಿಸುವ ಧೈರ್ಯ ನಮಗಿಲ್ಲ; ಈ ಉಪನ್ಯಾಸವನ್ನು ಬರೆದುದೂ ಅದರ ಕೃಪೆಯಿಂದಲೇ. ಆದರೆ ಅದರ ಲೆಕ್ಕವನ್ನು ತಿಳಿದು ಕುಡಿಯಬೇಕು. ಕುಡಿದ ಕಾಫಿಯ ಸತ್ವದಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಗಳಾದ ಮೇಲೂ ರಕ್ತದಲ್ಲಿರುತ್ತದೆ. ಸಂಜೆ ಆರಕ್ಕೆ ಕುಡಿದವರು ರಾತ್ರಿ ಹನ್ನೊಂದಕ್ಕೆ ಅರ್ಧ ಲೋಟವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಹಾಸಿಗೆಗೆ ಹೋದಂತಾಯಿತು. ಊಟದೊಡನೆ ಕುಡಿದರೆ ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣವು ದೇಹಕ್ಕೆ ಸೇರುವುದಕ್ಕೂ ಅಡ್ಡಿ. ಒಂದು ಗಂಟೆ ಬಿಟ್ಟು ಕುಡಿಯುವುದು ಲೇಸು. ಇದಕ್ಕೆ ವಿರುದ್ಧವಾಗಿ ಒಂದು ಹೋಳು ನಿಂಬೆಹಣ್ಣು ಆ ಕಬ್ಬಿಣವನ್ನು ಸೇರಿಸಲು ನೆರವಾಗುತ್ತದೆ. ಮುದ್ದೆ, ಸೊಪ್ಪಿನ ಬಸ್ಸಾರು, ಮೊಳಕೆ ಬಂದ ಹುರುಳಿ, ಮೇಲೆ ಹಿಂಡಿದ ನಿಂಬೆಹಣ್ಣು, ಕೊನೆಗೆ ಮಜ್ಜಿಗೆ: ಹಳ್ಳಿಯ ಈ ಊಟವನ್ನು ಬಿಟ್ಟು ಪಟ್ಟಣಕ್ಕೆ ಬಂದವರು ನಾವು, ಬಿಟ್ಟುದೇನೆಂದು ತಿಳಿಯದೆ ಬಂದೆವು.

ಇಲ್ಲಿ ಒಂದು ಮಾತನ್ನು ಗೃಹಸ್ಥರಿಗೆ ಹೇಳಲೇಬೇಕು. ನಮ್ಮ ಅನೇಕ ಮನೆಗಳಲ್ಲಿ ಎಲ್ಲರಿಗೂ ಬಡಿಸಿ, ಪಾತ್ರೆಯ ತಳದಲ್ಲಿ ಉಳಿದುದನ್ನು ಉಣ್ಣುವವರು ಹೆಂಗಸರು. ಪಲ್ಯ ಮುಗಿದಿರುತ್ತದೆ, ಮೊಸರು ಮುಗಿದಿರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದವರೆಗಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ರಕ್ತಹೀನತೆಯಿಂದ ಬರುವುದು ಬಳಲಿಕೆ ಮಾತ್ರವಲ್ಲ. ಸಿಡುಕು, ಬೇಸರ, ಯಾವುದರಲ್ಲಿಯೂ ಮನಸ್ಸಿಲ್ಲದಿರುವುದು, ಇವೂ ಬರುತ್ತವೆ. ಮನೆಯಾಕೆಯ ಸ್ವಭಾವವೇ ಹಾಗೆ ಎಂದು ಗಂಡಸರು ನಗೆಯಾಡುವುದುಂಟು, ನಾವೂ ಆಡಿದ್ದೇವೆ. ಸ್ವಭಾವವೋ ಹಸಿವೋ ಎಂದು ನೋಡಿದವರು ಎಷ್ಟು ಮಂದಿ?

ನಿದ್ರೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಚರಕಸಂಹಿತೆಯು ದೇಹವನ್ನು ಹೊತ್ತಿರುವ ಉಪಸ್ತಂಭಗಳಲ್ಲಿ ಆಹಾರದ ಜತೆಗೆ ನಿದ್ರೆಯನ್ನೂ ಎಣಿಸಿದೆ. ಮಲಗುವ ಹೊತ್ತು ನಮ್ಮ ಕೈಯಲ್ಲಿಲ್ಲದಿರಬಹುದು. ಏಳುವ ಹೊತ್ತು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ದಿನವೂ ಒಂದೇ ಹೊತ್ತಿಗೆ ಎದ್ದು ಬಯಲಿನ ಬೆಳಕಿಗೆ ಬಂದರೆ ದೇಹದ ಗಡಿಯಾರವು ಸರಿಯಾಗಿ ನಡೆಯುತ್ತದೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ನಡೆದಾಡುವವರು ಕಾಲಿಗೆ ಮಾತ್ರ ವ್ಯಾಯಾಮವನ್ನು ಕೊಡುತ್ತಿಲ್ಲ.

ಹಾಗೆಂದು ಊಟ ನಿದ್ರೆಗಳೇ ಮನೋರೋಗಕ್ಕೆ ಮದ್ದು ಎಂದು ನಾವು ಹೇಳಿದರೆ ಅದು ಅಪಾಯದ ಮಾತಾದೀತು. 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಒಂದು ಪ್ರಯೋಗವುಂಟು. ಖಿನ್ನತೆಯಿಂದ ನರಳುತ್ತಿದ್ದ 67 ಮಂದಿಯಲ್ಲಿ ಅರ್ಧದಷ್ಟು ಮಂದಿಗೆ 12 ವಾರ ಕಾಳು, ತರಕಾರಿ, ಇಡಿಯ ಧಾನ್ಯ, ಮೀನು ಮೊದಲಾದ ಒಳ್ಳೆಯ ಆಹಾರದ ಅಭ್ಯಾಸ ಮಾಡಿಸಿದರು. ಉಳಿದವರೊಡನೆ ಸ್ನೇಹದಿಂದ ಮಾತುಕತೆಯಾಡಿದರು. ಕೊನೆಯಲ್ಲಿ ಮೊದಲನೆಯವರಲ್ಲಿ ಮೂರರಲ್ಲೊಂದು ಪಾಲಿನಷ್ಟು ಮಂದಿಗೂ ಎರಡನೆಯವರಲ್ಲಿ ನೂರಕ್ಕೆ 8 ಮಂದಿಗೂ ಖಿನ್ನತೆ ಬಿಟ್ಟಿತ್ತು. ಫಲ ಆಶಾದಾಯಕವಾದುದು. ಆದರೆ ಪ್ರಯೋಗ ಚಿಕ್ಕದು. ಅದರಲ್ಲಿದ್ದ ಬಹುಮಂದಿ ಅದಾಗಲೇ ಚಿಕಿತ್ಸೆಯನ್ನು ಪಡೆಯುತ್ತಿದ್ದವರು. ಒಳ್ಳೆಯ ಊಟವನ್ನು ಉಂಡರೂ ಮೂರರಲ್ಲಿ ಎರಡು ಪಾಲು ಮಂದಿಗೆ ದುಗುಡ ಪೂರ್ತಿ ಬಿಡಲಿಲ್ಲವೆಂಬುದನ್ನೂ ಓದಬೇಕು. ಎರಡು ವಾರ ಕಳೆದರೂ ಮನಸ್ಸಿನ ಭಾರ ಇಳಿಯದಿದ್ದರೆ, ಬದುಕು ಬೇಡವೆನ್ನಿಸಿದರಂತೂ ಒಂದು ದಿನವೂ ತಡೆಯದೆ, ವೈದ್ಯರ ಬಳಿಗೆ ಹೋಗಬೇಕು. ಜ್ವರಕ್ಕೆ ಹೋಗುವವರು ಇದಕ್ಕೆ ಹೋಗಲು ನಾಚುವುದೇಕೆ?

ನಮ್ಮ ಹುಡುಗನಿಗೂ ಎರಡೂ ಬೇಕಾದುವು. ಸೂಜಿಮದ್ದಿನಿಂದಲೂ ಊಟದಿಂದಲೂ ಎರಡು ತಿಂಗಳಲ್ಲಿ ನೆನಪು ಮರಳಿತು, ಮೈಗೆ ಶಕ್ತಿ ಬಂದಿತು; ಉಳಿದ ದುಗುಡಕ್ಕೆ ಮನೋವೈದ್ಯರಲ್ಲಿಗೆ ಆರು ತಿಂಗಳು ಹೋಗಿಬಂದನು. ಆ ವರ್ಷ ಎರಡು ವಿಷಯಗಳಲ್ಲಿ ನಪಾಸಾದನು, ಮರುವರ್ಷ ಮುಗಿಸಿಕೊಂಡನು. ನಮ್ಮ ಉಪದೇಶವನ್ನು ಅವನು ಒಮ್ಮೆಯೂ ಎತ್ತಿ ಆಡಲಿಲ್ಲ. ಆಡಿದ್ದರೆ ನಮಗೆ ಹಗುರವಾಗುತ್ತಿತ್ತು.

ಹೋದ ತಿಂಗಳು ಮನೆಗೆ ಬಂದಿದ್ದನು. ನಮ್ಮ ಮನೆಯವರು ಇಬ್ಬರಿಗೂ ಉಪ್ಪಿಟ್ಟನ್ನು ತಂದಿಟ್ಟು, ಹಿಂದೆಯೇ ಕಾಫಿಯನ್ನೂ ತಂದರು. ಅವನು ತಟ್ಟೆಯನ್ನು ಮಾತ್ರ ತೆಗೆದುಕೊಂಡು, “ಕಾಫಿ ಒಂದು ಗಂಟೆ ಬಿಟ್ಟು ಕುಡಿಯುತ್ತೇನೆ ಅಮ್ಮ, ನೀವೂ ಕೂತುಕೊಂಡು ತಿನ್ನಿ” ಎಂದನು. ಅಷ್ಟು ಹೊತ್ತಿಗೆ ನಮ್ಮ ಲೋಟ ಬರಿದಾಗಿತ್ತು.