ಮಗುವಿನ ಪಾಲು

“ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ” ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಇನ್ನೊಂದು ಗಾದೆಯೂ ಉಂಟು: “ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು.” ಮೊದಲನೆಯದು ಜಗಳ ತೀರಿದ ಮನೆಯ ಮಾತು; ಎರಡನೆಯದು ತೀರದ ಮನೆಯ ಮಾತು. ತಂದೆ ಒಂದು ಊರಿನಲ್ಲಿ, ತಾಯಿ ಒಂದು ಊರಿನಲ್ಲಿ ಬೇರೆಬೇರೆಯಾಗಿ ನಿಂತಾಗ ಕೂಸು ಬಡವಾಗದಂತೆ ನೋಡಿಕೊಳ್ಳುವುದು ಹೇಗೆ? ಅದರ ಅನ್ನ, ಬಟ್ಟೆ, ಓದು, ಔಷಧಿಗಳಿಗೆ ಯಾರು ಎಷ್ಟು ಕೊಡಬೇಕು? ಆ ಲೆಕ್ಕವನ್ನು ಯಾವ ತಕ್ಕಡಿಯಲ್ಲಿ ತೂಗುತ್ತಾರೆ? ಈ ಭಾಷಣದ ವಿಷಯ ಇದೇ.

ಕನ್ನಡ ಪಾಠ ಹೇಳುವವನಾದುದರಿಂದ ಮೊದಲು ಶಬ್ದದ ವಿಚಾರವನ್ನೇ ಎತ್ತಿಕೊಳ್ಳುತ್ತೇನೆ. ಇಂಥ ಹಣಕ್ಕೆ ನಮ್ಮ ಕೋರ್ಟುಗಳಲ್ಲಿ ‘ಜೀವನಾಂಶ’ ಎನ್ನುತ್ತಾರೆ. ಜೀವನ ಮತ್ತು ಅಂಶ ಸೇರಿ ಆದ ಮಾತು. ಅಂಶವೆಂದರೆ ಪಾಲು, ದಾನವಲ್ಲ, ಭಿಕ್ಷೆಯಲ್ಲ. ತಂದೆ ತಾಯಿಗಳ ದುಡಿಮೆಯಲ್ಲಿ ಮಗುವಿಗೆ ಹುಟ್ಟಿನಿಂದಲೇ ಒಂದು ಪಾಲುಂಟು. ಅವರಿಬ್ಬರ ನಡುವಿನ ನಂಟು ಕಡಿದುಹೋಗಬಹುದು. ಆ ಪಾಲು ಕಡಿಯುವುದಿಲ್ಲ. “ನಾನು ಅವಳಿಗೇಕೆ ಕೊಡಲಿ?” ಎಂದು ಕೇಳುವ ತಂದೆಗೆ ಉತ್ತರ ಈ ಶಬ್ದದಲ್ಲಿಯೇ ಇದೆ. ಹಣವನ್ನು ತೆಗೆದುಕೊಳ್ಳುವ ಕೈ ತಾಯಿಯದಿರಬಹುದು, ಪಾಲು ಮಾತ್ರ ಮಗುವಿನದು.

ಕಾನೂನು ಏನು ಹೇಳುತ್ತದೆ? 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೆಯ ಕಲಮಿನಲ್ಲಿಯೇ, ಹೆಂಡತಿ ಮಕ್ಕಳನ್ನು ಸಾಕದ ಗಂಡಸಿನಿಂದ ತಿಂಗಳು ತಿಂಗಳೂ ಹಣ ಕೊಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿತ್ತು. ಆಗಿನ ಮಿತಿ ಐವತ್ತು ರೂಪಾಯಿ. 1955ರಲ್ಲಿ ಅದು ಐನೂರು ರೂಪಾಯಿಗೆ ಏರಿತು. 1973ರ ಸಂಹಿತೆಯ 125ನೆಯ ಕಲಮಿನಲ್ಲಿಯೂ ಅದೇ ಐನೂರು ಉಳಿಯಿತು. ಅಕ್ಕಿ ಬೇಳೆಗಳ ಬೆಲೆ ಎಲ್ಲಿಂದ ಎಲ್ಲಿಗೋ ಹೋದರೂ ಆ ಮಿತಿ ಮಾತ್ರ ಕದಲಲಿಲ್ಲ. 2001ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. 2024ರ ಜುಲೈ 1ರಿಂದ ಈ ವಿಷಯ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಲ್ಲಿದೆ. ಇದು ಎಲ್ಲ ಮತದವರಿಗೂ ಅನ್ವಯಿಸುತ್ತದೆ. ಮದುವೆಯಿಲ್ಲದೆ ಹುಟ್ಟಿದ ಮಗುವಿಗೂ ಇದರ ಆಸರೆಯುಂಟು. ಇದಲ್ಲದೆ ಹಿಂದೂಗಳಿಗೆ 1956ರ ದತ್ತಕ ಮತ್ತು ಜೀವನಾಂಶ ಕಾಯಿದೆ ಇದೆ. ಅದರ ಪ್ರಕಾರ ಮಕ್ಕಳನ್ನು ಸಾಕುವ ಹೊಣೆ ತಂದೆಗೆ ಮಾತ್ರವಲ್ಲ, ತಾಯಿಗೂ ಸೇರಿದ್ದು.

ಇನ್ನು ಲೆಕ್ಕದ ಮಾತು. ಸಂಬಳಕ್ಕೆ ಶೇಕಡಾ ಇಷ್ಟೆಂದು ಕೆಲವು ದೇಶಗಳಲ್ಲಿ ಗೊತ್ತುಮಾಡಿದ್ದಾರೆ. ನಮ್ಮಲ್ಲಿ ಅಂಥ ಕೋಷ್ಟಕವಿಲ್ಲ. ನ್ಯಾಯಾಧೀಶರು ಒಂದು ತಟ್ಟೆಯಲ್ಲಿ ಮಗುವಿನ ಅಗತ್ಯವನ್ನೂ ಇನ್ನೊಂದು ತಟ್ಟೆಯಲ್ಲಿ ತಂದೆ ತಾಯಿಗಳ ಶಕ್ತಿಯನ್ನೂ ಇಟ್ಟು ತೂಗುತ್ತಾರೆ.

ಅಗತ್ಯವನ್ನು ತೋರಿಸುವುದಕ್ಕೆ ಖರ್ಚಿನ ಪಟ್ಟಿ ಬೇಕು. ಎಂಟನೆಯ ತರಗತಿಯ ಒಂದು ಮಗುವನ್ನು ಉದಾಹರಣೆಗೆ ತೆಗೆದುಕೊಳ್ಳಿ. ತಿಂಗಳಿಗೆ ಊಟ ಮತ್ತು ಹಾಲಿಗೆ 3,500 ರೂಪಾಯಿ, ಮನೆ ಬಾಡಿಗೆಯಲ್ಲಿ ಮಗುವಿನ ಪಾಲು 1,500, ಬಸ್ಸು ಆಟೋಗಳಿಗೆ 700, ಔಷಧಿಗೆ 500, ಬಟ್ಟೆಗೆ 300. ಇವು ತಿಂಗಳ ಖರ್ಚುಗಳು. ಜೂನ್ ಬಂದರೆ ಶಾಲೆಯ ಫೀಜು ವರ್ಷಕ್ಕೆ 24,000. ಪುಸ್ತಕ, ಸಮವಸ್ತ್ರ, ಬೂಟುಗಳಿಗೆ 6,000. ಇವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 2,000 ಮತ್ತು 500. ಎಲ್ಲವನ್ನೂ ಕೂಡಿದರೆ ತಿಂಗಳಿಗೆ 9,000 ರೂಪಾಯಿ. ವರ್ಷಕ್ಕೊಮ್ಮೆ ಬರುವ ಖರ್ಚನ್ನು ಪಟ್ಟಿಯಲ್ಲಿ ಮರೆಯುವವರೇ ಹೆಚ್ಚು. ಮರೆತವರ ಮನೆಯಲ್ಲಿ ಜೂನ್ ತಿಂಗಳು ಸಾಲದ ತಿಂಗಳಾಗುತ್ತದೆ.

ಇನ್ನೊಂದು ತಟ್ಟೆಯಲ್ಲಿ ಆದಾಯ. ಕೈಗೆ ಬರುವ ಸಂಬಳವೆಷ್ಟೆಂದು ನೋಡುವಾಗ ವರಮಾನ ತೆರಿಗೆಯಂತೆ ಕಾನೂನಿನಿಂದ ಕಡ್ಡಾಯವಾಗಿ ಮುರಿಯುವ ಹಣವನ್ನು ಕಳೆಯುತ್ತಾರೆ. ತಾವಾಗಿ ಮಾಡಿಕೊಂಡ ಸಾಲದ ಕಂತುಗಳನ್ನು ತೋರಿಸಿ, “ಸಂಬಳವೆಲ್ಲ ಸಾಲಕ್ಕೇ ಹೋಗುತ್ತದೆ” ಎಂದರೆ ಅದು ಸಾಮಾನ್ಯವಾಗಿ ನಡೆಯದು. ಮೇಲಿನ ಉದಾಹರಣೆಯಲ್ಲಿ ತಂದೆಗೆ 40,000, ತಾಯಿಗೆ 20,000 ರೂಪಾಯಿ ಬರುತ್ತದೆ ಎನ್ನೋಣ. ಆಗ ಎರಡಕ್ಕೆ ಒಂದರಂತೆ ತಂದೆ 6,000, ತಾಯಿ 3,000 ರೂಪಾಯಿ ಹೊರುವುದು ನ್ಯಾಯ. 2000ದಲ್ಲಿ ಇಬ್ಬರೂ ದುಡಿಯುತ್ತಿದ್ದ ಒಂದು ದಂಪತಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಮಕ್ಕಳ ವೆಚ್ಚವನ್ನು ಇದೇ ಎರಡಕ್ಕೆ ಒಂದರ ಪ್ರಮಾಣದಲ್ಲಿ ಹಂಚಿತು. ತಾಯಿ ಮುಂಜಾನೆ ಎದ್ದು ಬುತ್ತಿ ಕಟ್ಟುವುದು, ಜ್ವರ ಬಂದ ರಾತ್ರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವುದು, ಇವು ಈ ಪಟ್ಟಿಯಲ್ಲಿಲ್ಲ. ಪ್ರಮಾಣ ಗೊತ್ತುಮಾಡುವಾಗ ಅವನ್ನೂ ನೆನೆಯಬೇಕು.

ತಂದೆಯೊಬ್ಬರೇ ದುಡಿಯುವ ಸಂಸಾರಕ್ಕೆ 2004ರಲ್ಲಿ ದೆಹಲಿ ಹೈಕೋರ್ಟು ಒಂದು ದಾರಿ ತೋರಿತು. ಸಂಸಾರದ ಆದಾಯವನ್ನು ಪಾಲು ಮಾಡಿ, ದುಡಿಯುವವರಿಗೆ ದುಡಿಮೆಯ ಖರ್ಚಿರುವುದರಿಂದ ಎರಡು ಪಾಲು, ಉಳಿದ ಒಬ್ಬೊಬ್ಬರಿಗೆ ಒಂದೊಂದು ಪಾಲು. ತಂದೆ, ತಾಯಿ, ಒಂದು ಮಗು ಇದ್ದರೆ ನಾಲ್ಕು ಪಾಲುಗಳು. ಆದಾಯ 40,000 ಆದರೆ ಒಂದು ಪಾಲು 10,000. ತಾಯಿಗೂ ಮಗುವಿಗೂ ಸೇರಿ 20,000. ಇದು ಎಲ್ಲ ಕೋರ್ಟುಗಳನ್ನೂ ಕಟ್ಟಿಹಾಕುವ ಸೂತ್ರವಲ್ಲ. ಆದರೂ ಮಾತುಕತೆಗೆ ಕುಳಿತ ಹಿರಿಯರಿಗೆ ಒಂದು ಅಳತೆಗೋಲಾಗಬಲ್ಲದು.

ಆದಾಯವನ್ನು ಮುಚ್ಚಿಟ್ಟರೆ? ಹಿಂದೆ ಇದು ದೊಡ್ಡ ತೊಡಕಾಗಿತ್ತು. 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ಅನ್ವಯಿಸುವಂತೆ ಕೆಲವು ಸೂಚನೆಗಳನ್ನು ಕೊಟ್ಟಿತು. ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚುಗಳನ್ನು ಅಫಿಡವಿಟ್ಟಿನಲ್ಲಿ ಬರೆದು ಕೋರ್ಟಿಗೆ ಒಪ್ಪಿಸಬೇಕು. ಮಗುವಿನ ಊಟ, ಬಟ್ಟೆ, ವಸತಿ, ವೈದ್ಯ, ವಿದ್ಯೆ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವಿದ್ಯೆಯ ಖರ್ಚು ಸಾಮಾನ್ಯವಾಗಿ ತಂದೆಯದು. ತಾಯಿಗೂ ಸಾಕಷ್ಟು ಆದಾಯವಿದ್ದರೆ ಪ್ರಮಾಣಕ್ಕೆ ತಕ್ಕಂತೆ ಹಂಚಬಹುದು. ಮೈಯಲ್ಲಿ ಶಕ್ತಿ, ತಲೆಯಲ್ಲಿ ವಿದ್ಯೆ ಇರುವವನು “ನನಗೆ ಕೆಲಸವಿಲ್ಲ” ಎಂದು ಹೇಳಿದ ಮಾತ್ರಕ್ಕೆ ಹೊಣೆ ಇಳಿಯುವುದಿಲ್ಲ. ಹಣ ಸಲ್ಲಬೇಕಾದದ್ದು ತೀರ್ಪಿನ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದ.

ಮೊಕದ್ದಮೆ ಮುಗಿಯುವ ತನಕ ಮಗು ಹಸಿದು ಕೂರಲಾಗದಷ್ಟೆ? ಅದಕ್ಕಾಗಿ ಮಧ್ಯಂತರ ಜೀವನಾಂಶ ಕೇಳಬಹುದು. ಎದುರುಪಕ್ಷಕ್ಕೆ ನೋಟೀಸು ಮುಟ್ಟಿದ 60 ದಿನಗಳೊಳಗೆ, ಸಾಧ್ಯವಾದಷ್ಟು ಮಟ್ಟಿಗೆ, ಅದನ್ನು ತೀರ್ಮಾನಿಸಬೇಕೆಂದು ಕಾನೂನಿದೆ. ಆಜ್ಞೆಯಾದ ಮೇಲೂ ಕೊಡದಿದ್ದರೆ ಜುಲ್ಮಾನೆಯಂತೆ ವಸೂಲು ಮಾಡಬಹುದು; ಬಾಕಿಯ ಒಂದೊಂದು ತಿಂಗಳಿಗೂ ಒಂದು ತಿಂಗಳವರೆಗೆ ಸೆರೆಯೂ ಆಗಬಹುದು. ಸೆರೆಮನೆಗೆ ಹೋಗಿ ಬಂದರೆ ಬಾಕಿ ತೀರಿತೆಂದು ತಿಳಿಯಬಾರದು, ಅದು ಹಾಗೆಯೇ ಉಳಿದಿರುತ್ತದೆ. ಬಾಕಿಗಾಗಿ ಒಂದು ವರ್ಷದೊಳಗೆ ಅರ್ಜಿ ಹಾಕಬೇಕೆಂಬುದನ್ನು ತಾಯಂದಿರು ಮರೆಯಬಾರದು. ಬೆಲೆ ಏರಿದರೆ, ಸಂಬಳ ಹೆಚ್ಚಿದರೆ, ಇಲ್ಲವೆ ನಿಜವಾಗಿ ಕೆಲಸ ಹೋದರೆ ಮೊತ್ತವನ್ನು ಬದಲಿಸುವಂತೆ ಇಬ್ಬರಲ್ಲಿ ಯಾರಾದರೂ ಕೇಳಿಕೊಳ್ಳಬಹುದು. ವಕೀಲರಿಗೆ ಕೊಡಲು ಹಣವಿಲ್ಲವೆಂಬ ಚಿಂತೆಯೂ ಬೇಡ. 1987ರ ಕಾಯಿದೆಯ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ, ಅವರ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ನೆರವು ದೊರೆಯುತ್ತದೆ.

ಇಷ್ಟು ಕಾನೂನನ್ನು ನಾನು ಓದಿ ತಿಳಿದುಕೊಂಡದ್ದಕ್ಕೆ ಕಾರಣ ಒಬ್ಬ ಹುಡುಗ. ಫೀಜು ಬಾಕಿಯಾಗಿತ್ತು. ಚೀಟಿ ಬರೆದು ಕಳುಹಿಸಿದೆ. “ನಿಮ್ಮಪ್ಪನನ್ನು ಕೇಳು” ಎಂದರಂತೆ ತಾಯಿ. ಭಾನುವಾರ ಬಸ್ಸು ಹತ್ತಿ ತಂದೆಯ ಊರಿಗೆ ಹೋದ. “ನಿಮ್ಮಮ್ಮನಿಗೆ ಕೊಟ್ಟಾಗಿದೆ” ಎಂದರಂತೆ ಅವರು. ನಾನು ಎರಡನೆಯ ಚೀಟಿ ಬರೆದೆ. ಮರುದಿನ ಅವನು ಬಂದು, “ಸಾರ್, ನನಗೆ ಓದಲು ಇಷ್ಟವಿಲ್ಲ, ಹೆಸರು ತೆಗೆದುಬಿಡಿ” ಎಂದ. ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದವನು ಅವನು. ಆ ಎರಡನೆಯ ಚೀಟಿಯನ್ನು ಮಗುವಿನ ಕೈಗೆ ಕೊಟ್ಟದ್ದು ನನ್ನ ತಪ್ಪು. ದೊಡ್ಡವರ ಲೆಕ್ಕವನ್ನು ಹೊತ್ತು ತಿರುಗುವ ಕೆಲಸಕ್ಕೆ ನಾನೂ ಅವನನ್ನು ಹಚ್ಚಿದ್ದೆ. ಆಮೇಲೆ ನಾನೇ ಇಬ್ಬರ ಮನೆಗೂ ಹೋಗಿ ಬಂದೆ. ಹುಡುಗ ಶಾಲೆ ಬಿಡಲಿಲ್ಲ.

ಅದಕ್ಕಾಗಿ ನಿಮ್ಮಲ್ಲಿ ಒಂದೆರಡು ಮಾತು ಅರಿಕೆ ಮಾಡಿಕೊಳ್ಳುತ್ತೇನೆ. ಕೊಡುವ ತಂದೆಯಾದರೆ, ತಿಂಗಳ ಮೊದಲ ವಾರದಲ್ಲಿ ಬ್ಯಾಂಕಿನ ಮೂಲಕವೇ ಕೊಡಿ. ಕೊಟ್ಟದ್ದಕ್ಕೆ ದಾಖಲೆಯಿರುತ್ತದೆ, ಮಾತಿಗೆ ಮಾತು ಬೆಳೆಯುವುದಿಲ್ಲ. ಸಾಕುವ ತಾಯಿಯಾದರೆ, ಫೀಜಿನ ರಸೀತಿ, ಔಷಧಿಯ ಚೀಟಿಗಳನ್ನು ಒಂದು ಕಡತದಲ್ಲಿ ಇಟ್ಟುಕೊಳ್ಳಿ. ಹಣ ತಡವಾಯಿತೆಂದು ಮಗುವನ್ನು ತೋರಿಸದೆ ಇರುವುದೂ, ಮಗುವನ್ನು ತೋರಿಸಲಿಲ್ಲವೆಂದು ಹಣ ತಡೆಯುವುದೂ ಎರಡೂ ಸಲ್ಲದು; ಎರಡರಲ್ಲಿಯೂ ಕಳೆದುಕೊಳ್ಳುವುದು ಮಗುವೇ. ಅಜ್ಜ ಅಜ್ಜಿಯರಾಗಿ, ಸೋದರಮಾವಂದಿರಾಗಿ ನಡುವೆ ಕೂರುವವರು ಯಾರು ಸರಿ, ಯಾರು ತಪ್ಪು ಎಂಬ ಮಾತನ್ನು ಆಮೇಲಕ್ಕೆ ಇಟ್ಟು, ಮೊದಲು ಒಂದು ಹಾಳೆಯ ಮೇಲೆ ಮಗುವಿನ ಖರ್ಚಿನ ಪಟ್ಟಿ ಬರೆಯಿಸಿ.

ಶಾಲೆಯ ಅಂಕಪಟ್ಟಿಯ ಕೆಳಗೆ ‘ಪೋಷಕರ ಸಹಿ’ ಎಂದು ಒಂದು ಗೆರೆ ಇರುತ್ತದೆ. ಪೋಷಿಸುವವರು ಪೋಷಕರು. ಸಹಿ ಹಾಕುವವರು ಒಬ್ಬರೇ ಇರಬಹುದು. ಪೋಷಿಸುವ ಹೊಣೆ ಇಬ್ಬರಿಗೂ ಉಂಟು.